ದಡ್ಡಿಯ ಬಾಗಿಲು

ಕಲಬುರಗಿ. ಎಕೋ ಕೋಣೆ, ನಂಬರ್ ನಾಲ್ಕು.
ಕಿಟಕಿಗೆ ಕಪ್ಪು ಪರದೆ, ಅದರಾಚೆ ನಲವತ್ತಮೂರು ಡಿಗ್ರಿ ಬಿಸಿಲು,
ಒಳಗೆ ನಾನು, ಮಷೀನು, ತಣ್ಣನೆಯ ಜೆಲ್ಲಿ,
ಎಡಮಗ್ಗುಲಾಗಿ ಮಲಗಿದ ಮಾಳಮ್ಮ.

"ವಯಸ್ಸು?"
"ಬರಕೋರಿ ಅರವತ್ತೈದು.
ಆಡಿಂದಾದ್ರ ಹಲ್ಲು ನೋಡಿ ಹೇಳ್ತೀನಿ,
ನನಗ ಹಲ್ಲೇ ಉಳಿದಿಲ್ಲ."

ಕೆಂಭಾವಿ ಕಡೆಯ ಯಾವುದೋ ಊರು.
ಆಡು ಈಯಲಾರದೆ ನರಳಿದರೆ
ಸುತ್ತಲ ಆರು ಹಳ್ಳಿಯವರು ರಾತ್ರಿಯಾದರೂ ಬಂದು
ಇವಳ ಬಾಗಿಲು ಬಡಿಯುತ್ತಾರೆ.
ಮಣಿಕಟ್ಟಿನವರೆಗೆ ಒಳಗೆ ಹೋಗುವ ಆ ಕೈಗೆ
ಗವಸು ಎಂದರೆ ಕುಸುಬಿ ಎಣ್ಣೆ, ಅಷ್ಟೆ.

ಸಂಜೆ ಏರುವ ಜ್ವರ,
ಬೆಳಗಾದರೆ ಏನೂ ಆಗೇ ಇಲ್ಲವೆಂಬಂತೆ ಎದ್ದು ಹೋಗುವ ಜ್ವರ.
ಕೌದಿ ಹಿಂಡಿದರೆ ನೀರು.
ಆರು ತಿಂಗಳಲ್ಲಿ ಒಬ್ಬರು ಟೈಫಾಯ್ಡ್ ಎಂದರು, ಒಬ್ಬರು ಮಲೇರಿಯಾ,
ಸಲೈನ್ ಏರಿಸಿದವರು ಏನೂ ಅನ್ನಲಿಲ್ಲ.
ಹಿಡಿದ ಸೊಂಟಕ್ಕೆ ಸೊಸೆ ಇಟ್ಟಿಗೆ ಕಾಸಿ ಕಾವು ಕೊಟ್ಟಳು.

ಕೊನೆಗೆ ಕೆಳಗಿನ ಲ್ಯಾಬಿನ ಶಕೀಲಾ
"ಈ ರಕ್ತದ ಬಾಟಲಿ ಚೆಲ್ಲಬ್ಯಾಡ್ರಿ, ಇನ್ನಾ ಇರಲಿ" ಅಂದಳು.
ಐದು ದಿನ ಕಳೆದರೆ ಎಸೆಯುವುದು ರೂಢಿ.
ಹದಿಮೂರನೆಯ ದಿನ ತುಸು ಮಬ್ಬು ಕಂಡಿತು,
ಹಾಲು ಹೆಪ್ಪಾಗಲು ಮನಸ್ಸು ಮಾಡಿದಂತೆ.
ಬ್ರುಸೆಲ್ಲಾ.
ಎರಡು ಸಲ ಹೇಳಿಸಿಕೊಂಡೆ.
ದೂರದಿಂದ ಬಂದ ಯಾರದೋ ಮಗಳ ಹೆಸರಿನಂತೆ ಕೇಳಿತು.

ಈಗ ಪರದೆಯ ಮೇಲೆ ಮಹಾಧಮನಿಯ ಬಾಗಿಲು.
ಮೂರು ಎಸಳು. ಒಂದರ ಅಂಚಿಗೆ ಜೋತುಬಿದ್ದ ಗಂಟು,
ಹನ್ನೊಂದು ಮಿಲಿಮೀಟರ್,
ಕುರಿಯ ಬಾಲಕ್ಕೆ ಅಂಟಿದ ಉತ್ತರಾಣಿಯ ಹಾಗೆ
ಬಡಿತ ಬಡಿತಕ್ಕೂ ಒದ್ದಾಡುತ್ತಿದೆ.
ಬಣ್ಣ ಹಾಕಿದೆ:
ಹೊರಟ ರಕ್ತದ ಅರ್ಧ ಮತ್ತೆ ಮನೆಗೇ ನುಗ್ಗುತ್ತಿದೆ.

ರೋಗಿಗೆ ನಾನು ಏನೂ ಹೇಳಬಾರದು, ನಿಯಮ.
ಅವಳೇ ಕತ್ತು ಹೊರಳಿಸಿದಳು.
"ಏನ್ರೀ ಅದು, ಹಂಗ ಬಡ್ಕೊಳ್ಳಾದು?"
"ಬಾಗಿಲಮ್ಮ. ಎದೆಯಿಂದ ರಕ್ತ ಹೊರಗೆ ಹೋಗುವ ಬಾಗಿಲು."
ಸುಮ್ಮನೆ ನೋಡಿದಳು. ಆಮೇಲೆ,
"ದಡ್ಡಿ ಬಾಗಲಾ ಸರಿ ಹಾಕಿಲ್ಲಂದ್ರ
ಹೊರಗ ಹೊಡದ ಆಡು ಹೊಳ್ಳಿ ಒಳಗೇ ಬರ್ತಾವ.
ಹಂಗೇ ಆಗ್ಯಾದ. ಖರೇ ಹೇಳ್ರಿ."

ನನ್ನ ಡಿಪ್ಲೊಮಾದ ಎರಡು ವರ್ಷದಲ್ಲಿ
ಯಾರೂ ಇಷ್ಟು ಸಲೀಸಾಗಿ ಹೇಳಿಕೊಟ್ಟಿರಲಿಲ್ಲ.

ಡಾಕ್ಟರು ಬಂದು ಹಸಿಹಾಲಿನ ಬಗ್ಗೆ ಕೇಳಿದರು.
"ಹಾಲು ಬಿಡ್ರಿ. ಹ್ವಾದ ವರ್ಷ ಎಂಟು ಆಡು ಕಂದು ಹಾಕಿದ್ವು.
ಒಂದರ ಮರಿ ಇನ್ನಾ ಮಿಡಕ್ತಿತ್ತು.
ಮೂಗಿಗಿ ಬಾಯಿ ಹಚ್ಚಿ ಉಸುರು ಊದಿದೆ."
ಡಾಕ್ಟರ ಪೆನ್ನು ನಿಂತಿತು.
"ಬದುಕಿತಾ?" ಕೇಳಿದ್ದು ನಾನು.
"ಮೂರು ದಿನ."

ಗುಳಿಗೆ ಮೂರು ಬಗೆ, ತಿಂಗಳುಗಟ್ಟಲೆ.
ಅದರ ನಡುವೆಯೇ ಎದೆ ತೆರೆದು ಬಾಗಿಲು ಬದಲಿಸಬೇಕು.
ಲೋಹದ್ದು ಒಂದಿದೆ, ರಾತ್ರಿ ಟಿಕ್ ಟಿಕ್ ಅನ್ನುತ್ತದೆ,
ರಕ್ತ ತೆಳುವಾಗಲು ಸಾಯುವತನಕ ಮಾತ್ರೆ.
ನಿಮ್ಮ ವಯಸ್ಸಿಗೆ ಇನ್ನೊಂದೇ ವಾಸಿ:
ದನದ ಹೃದಯದ ಪೊರೆಯಿಂದ ಹೊಲಿದದ್ದು.

ಸೊಸೆ ಗೋಡೆ ಕಡೆ ತಿರುಗಿದಳು.
ಮಾಳಮ್ಮ ಕುಪ್ಪಸದ ಗಂಟು ಹಾಕಿಕೊಳ್ಳುತ್ತ,
"ಯಾ ಊರ ಆಕಳ್ರಿ ಅದು?"
"ಗೊತ್ತಿರೋದಿಲ್ಲಮ್ಮ."
"ಈದಿತ್ತೇನು?"
"ಗೊತ್ತಿಲ್ಲ."
"ಹೆಸರರೆ?"

ರಿಪೋರ್ಟಿನಲ್ಲಿ ಎಡಕುಹರದ ಅಗಲಕ್ಕೆ ಜಾಗವಿದೆ,
ಹಿಮ್ಮುಖ ಹರಿವಿಗೆ ಜಾಗವಿದೆ. ತೀವ್ರ, ಎಂದು ಟೈಪ್ ಮಾಡಿದೆ.
ಒರೆಸಿಕೊಳ್ಳಲು ಕೊಟ್ಟ ಕಾಗದವನ್ನು ಮಡಚಿ ಸೊಸೆಗೆ ಕೊಟ್ಟಳು,
ಎದೆಯ ಜೆಲ್ಲಿಯನ್ನು ಎರಡು ಬೆರಳಲ್ಲಿ ತೆಗೆದು,
ಎಳೆದು, ಮೂಸಿ,
"ಈಯೋ ಮುಂದ ಬರೋ ಲೋಳಿ ಹಂಗೇ ಅದ ನೋಡ್ರಿ.
ವಾಸನಿ ಒಂದು ಇಲ್ಲ."